ಹಿರಿಯರನ್ನು ಕಡಲಿಗೆ ಬಿಡಲು ಹೋಗಿದ್ದು

ಭಾನುವಾರ ಬೆಳಗಿನ ಐದಕ್ಕೆ ನಂಪುಲಾ ಬಿಟ್ಟೆವು. ಮೊಜಾಂಬಿಕ್ ದೇಶದ ಈ ಊರಿಗೆ ನಾನು ಬಂದದ್ದು ಮೂರು ತಿಂಗಳ ನರ್ಸಿಂಗ್ ತರಬೇತಿಗೆ. ಜೊತೆಗಿದ್ದವಳು ಅಲ್ಲಿಯ ನರ್ಸ್ ಅಮೀನಾ. ಅವಳ ತವರಿನ ಕಡಲು ನೋಡಿ ರಾತ್ರಿಯೊಳಗೆ ತಿರುಗಿ ಬರುವುದೆಂದು ಮಾತಾಗಿತ್ತು. ನನ್ನ ತೊಡೆಯ ಮೇಲಿನ ಚೀಲದಲ್ಲಿ ಹಳಿಯಾಳದ ನಮ್ಮ ಮನೆಯ ತೆಂಗಿನಕಾಯಿ ಇತ್ತು.

ನಾವು ಸಿದ್ದಿಗಳು, ಆಫ್ರಿಕಾದಿಂದ ಗುಲಾಮರಾಗಿ ಹಡಗೇರಿ ಬಂದವರ ಸಂತತಿ. ನಮ್ಮ ಮನೆಯ ಮೂಲೆಯಲ್ಲಿ ಮಣ್ಣಿನ ಕಟ್ಟೆಯ ಮೇಲೆ ಒಂದು ಕಾಯಿ ಇರುತ್ತದೆ. ತೀರಿಹೋದ ಹಿರಿಯರೆಲ್ಲ ಅದರಲ್ಲೇ. ವರ್ಷಕ್ಕೊಮ್ಮೆ ಹೊಸ ಕಾಯಿ ಇಟ್ಟು, ಹಳೆಯದನ್ನು ದಾಂಡೇಲಿಯಲ್ಲಿ ಕಾಳಿ ಹೊಳೆಗೆ ಬಿಟ್ಟು, ತಿರುಗಿ ನೋಡದೆ ಬರುವುದು ನಮ್ಮ ಪದ್ಧತಿ. ಈ ವರ್ಷ ಅವ್ವ ಹೊಸದನ್ನು ಇಡಲಿಲ್ಲ. ಇದ್ದ ಕಾಯನ್ನೇ ನನ್ನ ಕೈಗಿಟ್ಟಳು.

"ಕೈಕಾಲು ಕಟ್ಟಿ ತಂದಿದ್ರಂತ ಅವರನ್ನ. ನಾ ಸಾಯೂದರೊಳಗ ಅವರು ತಮ್ಮ ಮನಿ ಮುಟ್ಟಬೇಕವ್ವ. ಬಿಟ್ಟ ಮ್ಯಾಲ ಹೊಳ್ಳಿ ನೋಡಬ್ಯಾಡ, ನಿನ್ನ ಹಿಂದನ ಬಂದಬಿಡ್ತಾರ."

ಯಾವ ದಂಡೆಯಿಂದ ತಂದರೋ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಮೊದಲು ವ್ಯಾನು, ಆಮೇಲೆ ತೆರೆದ ಪಿಕಪ್. ಗೋಡಂಬಿ ಮರಗಳ ನಡುವೆ ಕೆಂಪು ಧೂಳು, ಐದು ತಾಸಿನ ದಾರಿ. ಪಕ್ಕದ ಹೆಂಗಸು ಸುಟ್ಟ ಮರಗೆಣಸು ಮುರಿದು ಕೊಟ್ಟು ತನ್ನ ಭಾಷೆಯಲ್ಲೇ ಏನೋ ಕೇಳಿದಳು. ಬೆಂಗಳೂರಿನಲ್ಲಿ ನಾನು ಕನ್ನಡ ಮಾತಾಡಿದರೂ ಯಾವ ದೇಶದವಳೆಂದು ಕೇಳುತ್ತಾರೆ. ಇಲ್ಲಿ ಯಾರೂ ಹಾಗೆ ಕೇಳಲಿಲ್ಲ. ನನಗೆ ಉತ್ತರ ಕೊಡಲು ಮಾತ್ರ ಬರಲಿಲ್ಲ, ಅದಕ್ಕೆ ತುಂಬಾ ನಾಚಿಕೆಯಾಯಿತು.

ದಂಡೆಯಲ್ಲಿ ಎರಡು ದೋಣಿ, ಒಣಹಾಕಿದ ಬಲೆ, ಅಮೀನಾಳ ಚಿಕ್ಕಮ್ಮನ ಗುಡಿಸಲು. ಬೇರೆ ಏನೂ ಇಲ್ಲ. ಮೊಣಕಾಲುದ್ದ ನೀರಿಗಿಳಿದು ಕಾಯಿ ಬಿಟ್ಟೆ, ಕೈಮುಗಿದೆ, ಬೆನ್ನು ತಿರುಗಿಸಿ ನಡೆದೆ. ಹತ್ತು ಹೆಜ್ಜೆಗೆ ಅಮೀನಾ ಕೂಗಿದಳು. ಕಾಯಿ ನನ್ನ ಹಿಂದೆಯೇ ಮರಳಿಗೆ ಬಂದು ಬಿದ್ದಿತ್ತು. ಎರಡನೆಯ ಸಲ ಎದೆಮಟ್ಟ ಹೋದೆ, ಮೂರನೆಯ ಸಲ ಬಲವೆಲ್ಲ ಹಾಕಿ ಎಸೆದೆ. ಮತ್ತೆ ಬಂತು. ಹೊಳೆಗೆ ಬಿಟ್ಟದ್ದು ಹೋಗಿಯೇ ಹೋಗುತ್ತದೆ. ಕಡಲು ಹಾಗಲ್ಲವೆಂದು ಕಾಡಿನವಳಾದ ನನಗೆ ಯಾರು ಹೇಳಬೇಕು? ಅಲ್ಲೇ ಕೂತು ಅತ್ತುಬಿಟ್ಟೆ.

"ಈಗ ನೀರು ಏರುವ ಹೊತ್ತು" ಎಂದಳು ಅಮೀನಾ. "ಸಂಜೆ ಇಳಿಯುವಾಗ ಚಿಕ್ಕಮ್ಮ ದೋಣಿಯಲ್ಲಿ ಒಯ್ದು ಬಿಡುತ್ತಾಳೆ. ಕೊಟ್ಟು ಬಾ."

ನಮ್ಮ ಪಿಕಪ್ ಎರಡಕ್ಕೇ ಹೊರಡುವುದಿತ್ತು. ಹಿರಿಯರನ್ನು ಬೇರೆಯವರ ಕೈಗೆ ಕೊಡಬಹುದೇ ಎಂದು ಕೇಳಲು ಮರಳದಿಬ್ಬ ಹತ್ತಿ ಅವ್ವನಿಗೆ ಫೋನ್ ಹಚ್ಚಿದೆ.

"ಹೋದ್ರೇನವ್ವ?"

"ಇಲ್ಲವ್ವ. ಮೂರು ಸಲ ಬಿಟ್ಟೆ. ಮೂರು ಸಲನೂ ಹೊಳ್ಳಿ ಬಂದ್ರು."

ಅವ್ವ ಮೂಗು ಏರಿಸುವ ಸದ್ದು ಕೇಳಿತು.

"ಮೂರು ಸಲನೂ? ನನ್ನ ಬಿಟ್ಟು ಹೋಗಲಿಲ್ಲನು ಅವರು? ಕರಕೊಂಡು ಬಾರವ್ವ. ನೀ ಹೋದಾಗಿಂದ ಆ ಮೂಲಿ ನೋಡಾಕ ಆಗವಲ್ದು. ಇವತ್ತ ಕಟ್ಟಿ ಸಾರಸ್ತೇನಿ."

ನೀರೇರುವ ಹೊತ್ತಿನ ಮಾತು ಬಾಯಿತನಕ ಬಂದಿತ್ತು. ಹೇಳಲಿಲ್ಲ.

ಕಾಯಿ ಒರೆಸಿ ಚೀಲಕ್ಕೆ ಹಾಕಿಕೊಂಡು ಪಿಕಪ್ ಹತ್ತಿದೆ. ಈಗ ತಿರುಗಿ ನೋಡಬಾರದೆಂಬ ಕಟ್ಟಳೆಯಿರಲಿಲ್ಲ. ಗೋಡಂಬಿ ಮರಗಳು ಮರೆಮಾಡುವವರೆಗೂ ಆ ದಂಡೆಯನ್ನು ಹೊರಳಿ ಹೊರಳಿ ನೋಡಿದೆ. ಚೀಲದ ಬಾಯನ್ನೂ ತೆರೆದೇ ಇಟ್ಟಿದ್ದೆ, ಅವರೂ ನೋಡಲಿ ಎಂದು.