ಆಯಿಯ ಸ್ಟೂಲು, ತುಂಬಿದ ತಂಬಿಗೆ

ಆಗೆಲ್ಲ ಕೆಟ್ಟ ಕೆಲಸವನ್ನು ಕೆಟ್ಟದ್ದು ಎಂದು ಮುಖಕ್ಕೇ ಹೇಳುವವರು ಮನೆಗೊಬ್ಬರಾದರೂ ಇರುತ್ತಿದ್ದರು. ಹಲಬರ್ಗಾದ ನಮ್ಮ ಮನೆಯಲ್ಲಿ ಆ ಕೆಲಸ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಸಾರಿಗೆ ಉಪ್ಪು ಹೆಚ್ಚಾದರೆ ಅತಿಥಿಗಳ ಮುಂದೆಯೇ ಹೇಳುತ್ತಿದ್ದಳು, ಅಂಗಳ ಸರಿಯಾಗಿ ಸಾರಿಸದಿದ್ದರೆ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಈಗ ಫೋನು ತೆರೆದರೆ ಸಾಕು, ಯಾರೋ ಒಬ್ಬ ಹೊಳೆಯುವ ಯಂತ್ರಗಳ ನಡುವೆ ನಿಂತು, ಗಂಟಿಲ್ಲದ, ಬಿರುಕಿಲ್ಲದ ಹಲಗೆ ಹಿಡಿದು ‘ಹೊಸಬರಿಗೆ ಸುಲಭ ಮರಗೆಲಸ’ ಕಲಿಸುತ್ತಾನೆ. ಅಂಗಿಗೆ ಒಂದು ಕಣ ಹೊಟ್ಟು ಹತ್ತಿರುವುದಿಲ್ಲ. ಅದರಲ್ಲಿ ಸುಲಭವಾದದ್ದು ನೋಡುವುದೊಂದೇ. ನಾನು ಐದನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಒಂದು ಸ್ಟೂಲು ಮಾಡಿದವಳು. ಸಾಲೆಯ ಸೂಟಿಯೆಲ್ಲ ಅದಕ್ಕೇ ಹೋಯಿತು.

ಆ ವರ್ಷ ಆಯಿಯ ಮೊಣಕಾಲು ಹಿಡಿದುಕೊಂಡಿತ್ತು. ಇನ್ನು ನೆಲದ ಮೇಲೆ ಕೂರಬೇಡಿ ಎಂದರು ಭಾಲ್ಕಿಯ ಡಾಕ್ಟರು. ನೆಲದ ಮೇಲೆ ಕೂರದೆ ಒಲೆಯ ಮುಂದೆ ರೊಟ್ಟಿ ಬಡಿಯುವುದು ಹೇಗೆ? ಬೀದರಿನಲ್ಲಿ ನೌಕರಿಯಲ್ಲಿದ್ದ ಕಾಕಾ, ಅಂದರೆ ಅಪ್ಪನ ತಮ್ಮ, ದೊಡ್ಡ ಉಪಕಾರ ಮಾಡಿದವನಂತೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದ.

“ಇದರ ಮ್ಯಾಲ ಕುಂತು ಒಲಿಗಿ ಟಾಟಾ ಮಾಡ್ಲೇನೋ?” ಎಂದಳು ಆಯಿ. “ಒಲಿ ಎಲ್ಲದ, ನಾ ಎಲ್ಲಿದೀನಿ!”

“ಹಂಗಾದ್ರ ರೊಟ್ಟಿ ಬಿಟ್ಟುಬಿಡು ಯವ್ವಾ. ಮನ್ಯಾಗ ವೈನಿ ಇದ್ದಾರಲ್ಲ. ನೀ ಪಡಸಾಲ್ಯಾಗ ಆರಾಮ ಕುಂದುರು,” ಎಂದ ಕಾಕಾ. ಅವನ ವೈನಿ, ಅಂದರೆ ಅತ್ತಿಗೆ, ನನ್ನ ಅವ್ವ.

ಆ ‘ಆರಾಮ’ದ ಅರ್ಥ ಆಯಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದ ಮನೆಯ ಮುದುಕಿಯೂ ಹಾಗೆಯೇ ಆರಾಮಾಗಿ ಪಡಸಾಲೆಗೆ ಬಂದು ಕೂತವಳು. ಮೊದಲು ರೊಟ್ಟಿ ಬಿಟ್ಟಳು, ಆಮೇಲೆ ಮಾತು ಬಿಟ್ಟಳು. ಆ ಹೊತ್ತು ಆಯಿ ಊಟಕ್ಕೆ ಏಳಲಿಲ್ಲ.

ಬೇಕಾಗಿದ್ದದ್ದು ಗೇಣೆತ್ತರದ ಒಂದು ಸ್ಟೂಲು, ಅಷ್ಟೇ. ಊರಿನ ಬಡಗಿಗೆ ಜೂನಿನ ಮಿರಗದ ಮಳೆಗೆ ಮುಂಚೆ ಬಿತ್ತುವ ಕೂರಿಗೆಗಳನ್ನು ರಿಪೇರಿ ಮಾಡಿ ಕೊಡುವ ಅವಸರ. ಬಿತ್ತನೆ ಮುಗಿಯಲಿ, ನೋಡೋಣ ಎಂದ. ಕಾಕಾನಿಗಂತೂ ಮರಗೆಲಸದ ಬಗ್ಗೆ ತಿಳಿಯದ್ದೇ ಇರಲಿಲ್ಲ. ರಜೆಯ ಮೇಲೆ ಬಂದವನು ಹೊರಸಿನ ಮೇಲೆ ಅಡ್ಡಾಗಿ, ಯಾವ ಮರ ಯಾವುದಕ್ಕೆ ಎಂದು ದಿನವಿಡೀ ಹೇಳುತ್ತಿದ್ದ.

“ಸಾಗವಾನಿ ಇದ್ರ ನಾನೇ ಮಾಡ್ತಿದ್ದೆ. ಈ ಜಾಲಿ, ಬೇವಿನಾಗ ಏನ್ ಬರ್ತದ?”

ಸಾಗವಾನಿ ಇದ್ದಿದ್ದರೆ ಇನ್ನೇನೋ ಇಲ್ಲ ಎನ್ನುತ್ತಿದ್ದ. ಅಂಥವರ ಕೈಯಲ್ಲಿ ಗರಗಸ ಕಾಣುವುದು ಮಾತಿನಲ್ಲಿ ಮಾತ್ರ.

“ನಾ ಮಾಡ್ತೇನಿ,” ಎಂದೆ. ಯಾರೂ ನಗಲೂ ಇಲ್ಲ.

ಅಪ್ಪನ ಹಲ್ಲು ಹೋದ ಗರಗಸ, ಸುತ್ತಿಗೆ, ಒಂದು ಉಳಿ, ಸಾಲೆಯ ಅಳತೆಪಟ್ಟಿ. ಕಿರಾಣಿ ಅಂಗಡಿಯವರು ಎಸೆದ ಸಾಬೂನಿನ ಪೆಟ್ಟಿಗೆಯ ಹಲಗೆಗಳನ್ನು ತಂದು ಮೊಳೆ ಜಡಿದೆ. ಆಯಿಯ ಮುಂದಿಟ್ಟೆ. ಅವಳು ಕೂತಳು, ಎದ್ದಳು, ಮೊಳೆಗೆ ಸಿಕ್ಕ ಸೀರೆ ಪರ್ರನೆ ಹರಿಯಿತು.

“ಇದು ಸ್ಟೂಲಲ್ಲ ಪೋರಿ, ಸೀರಿ ಹರಿಯೋ ಮಿಷಿನ್,” ಎಂದು ಅವ್ವನ ಕೈಯಲ್ಲಿ ಅದನ್ನು ಮುರಿಸಿ ಒಲೆಗೆ ಹಾಕಿಸಿದಳು. ಅಂದಿನ ರೊಟ್ಟಿಗೂ ಸಾಬೂನಿನ ವಾಸನೆ.

ಎರಡನೆಯದಕ್ಕೆ ಹೊಲದ ಬದುವಿನ ಹಸಿ ಜಾಲಿ ಕಡಿದು ಕಾಲು ಮಾಡಿದೆ. ತೊಗಟೆ ಸುಲಿದಾಗ ಕೈಯೆಲ್ಲ ಒಗರು ವಾಸನೆ. ಈ ಸಲ ಆಯಿ ನೇರ ಕೂರಲಿಲ್ಲ. ತಂಬಿಗೆಯಲ್ಲಿ ಕಂಠಮಟ್ಟ ನೀರು ತುಂಬಿ, ಸ್ಟೂಲಿನ ಮೇಲಿಟ್ಟು, ಕಾಲ ಹೆಬ್ಬೆರಳಿನಿಂದ ಸ್ಟೂಲನ್ನು ನೂಕಿದಳು. ನೀರು ಚೆಲ್ಲಿದರೆ ಅದು ಸ್ಟೂಲಲ್ಲ ಎಂದು ಅವಳ ಲೆಕ್ಕ. ಚೆಲ್ಲಲಿಲ್ಲ. ನಾನು ಓಣಿಯೆಲ್ಲ ಕುಣಿದು ಬಂದೆ. ವಾರದೊಳಗೆ ಬೇಸಿಗೆಯ ಬಿಸಿಲು ಹಸಿ ಕಾಲುಗಳನ್ನು ಒಣಗಿಸಿ, ಸೀಳಿ, ಮೊಳೆ ಸಡಿಲಿಸಿತು. ಆಯಿ ಮತ್ತೆ ತಂಬಿಗೆ ಇಟ್ಟಳು. ಅರ್ಧ ನೀರು ನೆಲಕ್ಕೆ.

“ನಾ ಹೇಳಿರ್ಲಿಲ್ಲೇನು?” ಎಂದ ಕಾಕಾ, ಹೊರಸಿನಿಂದ. ಅವನು ಹೇಳಿರಲಿಲ್ಲ.

“ನೀ ಸುಮ್ಕಿರು,” ಎಂದಳು ಆಯಿ. “ಅಕಿ ಎರಡು ಕೆಡಿಸ್ಯಾಳ. ನೀ ಒಂದನೂ ಕೆಡಿಸಿಲ್ಲ.”

ನನ್ನನ್ನು ಬೈದಳೋ ಹೊಗಳಿದಳೋ ತಿಳಿಯಲಿಲ್ಲ. ಆದರೆ ಕಾಕಾ ಮಗ್ಗುಲು ಬದಲಿಸಿ ಗೋಡೆಗೆ ಮುಖ ಮಾಡಿದ್ದು ಕಂಡಿತು, ಬಹಳ ಸುಖವಾಯಿತು.

ಮೂರನೆಯದಕ್ಕೆ ದನದ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಬೇವಿನ ಹಲಗೆ ಎಳೆದುಕೊಂಡೆ. ಕಾಲಿಗೆ, ಹೊಲ ಹಸನು ಮಾಡುವ ಮುರಿದ ಕುಂಟೆಯ ಒಣಗಿದ ಕಟ್ಟಿಗೆ. ಮೊಳೆಯ ಸಹವಾಸ ಬಿಟ್ಟು ಉಳಿಯಿಂದ ತೂತು ಕೊರೆದು, ಕಾಲುಗಳನ್ನು ತುಸು ಹೊರಕ್ಕೆ ಓರೆಯಾಗಿ ಬಡಿದು ಕೂರಿಸಿದೆ. ಅಂಗೈಯಲ್ಲಿ ಬೊಬ್ಬೆಗಳು ಎದ್ದು, ಒಡೆದು, ಮತ್ತೆ ಎದ್ದವು. ಹಲಗೆ ಹೆರೆಯುವ ರಂದಾ ಇರಲಿಲ್ಲ; ಒಡೆದ ಗಾಜಿನ ಚೂರಿನಿಂದ ಕೆರೆದು ನುಣುಪು ಮಾಡಿ ಕುಸುಬೆ ಎಣ್ಣೆ ಸವರಿದೆ.

ತಂಬಿಗೆ ಬಂತು. ಆಯಿ ನೂಕಿದಳು. ನೀರು ಅಂಚಿನವರೆಗೆ ಬಂದು ನಡುಗಿ ಹಿಂದಕ್ಕೆ ಹೋಯಿತು. ಅವಳು ಇನ್ನೊಂದು ಸಲ, ಜೋರಾಗಿಯೇ ನೂಕಿದಳು. ಆಯಿ ತಂಬಿಗೆಯನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು ಕೂತು, ಅವ್ವನಿಗೆ ಹೇಳಿದಳು: “ಹಿಟ್ಟು ತಾ.”

ಆಮೇಲೆ ನನ್ನ ಕಡೆ ತಿರುಗಿದಳು.

“ಕುಂದರ್ಲಾಕ ಬರ್ತದ. ನೋಡ್ಲಾಕ ಬರಲ್ಲ.”

ಟಪಟಪ ರೊಟ್ಟಿಯ ಸದ್ದು ಎಷ್ಟೋ ದಿನಗಳ ಮೇಲೆ ಅವಳ ಕೈಯಿಂದ ಕೇಳಿತು. ಮೊದಲ ರೊಟ್ಟಿ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಕುಸುಬೆ ಎಣ್ಣೆಯೊಂದಿಗೆ ನನಗೇ ಬಂತು. ಅಷ್ಟು ಸಂತೋಷ ನನಗೆ ಮತ್ತೆ ಯಾರ ಹೊಗಳಿಕೆಯಲ್ಲೂ ಸಿಕ್ಕಿಲ್ಲ. ಕೊನೆಯವರೆಗೂ ಆಯಿ ಅದರ ಮೇಲೆಯೇ ಕೂತು ರೊಟ್ಟಿ ಬಡಿದಳು. ಪಡಸಾಲೆಯ ಕೆಂಪು ಕುರ್ಚಿಯ ಮೇಲೆ, ಊರಿಗೆ ಬಂದಾಗೆಲ್ಲ, ಕಾಕಾನೇ ಕೂರುತ್ತಿದ್ದ.

ಈಚೆಗೆ ಬೀದರಿನಲ್ಲಿರುವ ನನ್ನ ಅಣ್ಣನ ಮಗ ಒಂದು ಪುಸ್ತಕದ ಸ್ಟ್ಯಾಂಡ್ ಮಾಡಿದ. ಮಾಡಿದ ಎಂದರೆ, ಡಬ್ಬದಲ್ಲಿ ತೂತು ಸಮೇತ ಬಂದ ಹಲಗೆಗಳಿಗೆ ಸ್ಕ್ರೂ ತಿರುಗಿಸಿದ. ಫೋಟೊ ಮನೆಯವರ ವಾಟ್ಸಾಪ್ ಗುಂಪಿಗೆ ಬಂತು. ಸೂಪರ್, ಗ್ರೇಟ್, ಹೃದಯದ ಮೇಲೆ ಹೃದಯ. ಫೋಟೊದಲ್ಲೇ ಅದು ಎಡಕ್ಕೆ ವಾಲಿತ್ತು. ಇಷ್ಟು ಜನರ ಪೈಕಿ ಒಬ್ಬರ ಕಣ್ಣಿಗೂ ಅದು ಬೀಳಲಿಲ್ಲ, ಅಥವಾ ಬಿದ್ದರೂ ಹೇಳುವಷ್ಟು ಪ್ರೀತಿ ಯಾರಿಗೂ ಇರಲಿಲ್ಲ.

ಅವನ ಮನೆಗೆ ಹೋದೆ. ಒಂದು ತಂಬಿಗೆ ನೀರು ಕೇಳಿದೆ. ಕಂಠಮಟ್ಟ ತುಂಬಿದ್ದನ್ನು ಸ್ಟ್ಯಾಂಡಿನ ಮೇಲಿಟ್ಟು ಬೆರಳಿನಿಂದ ಸ್ಟ್ಯಾಂಡನ್ನು ಮೆಲ್ಲಗೆ ನೂಕಿದೆ. ನೀರು ಹರಿದು ಪುಸ್ತಕಗಳ ಮೇಲೆ ಇಳಿಯಿತು. ಇದು ನಿಲ್ಲುವುದಿಲ್ಲ ಮಗನೇ, ಬಿಚ್ಚು, ಮತ್ತೆ ಮಾಡು ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಬಟ್ಟೆ ತಂದು ಒರೆಸಿ, ನನ್ನ ರಟ್ಟೆ ಹಿಡಿದು ಸೋಫಾದ ಕಡೆ ನಡೆಸಿದ.

“ಇರ್ಲಿ ಬಿಡ್ರಿ ಅತ್ತಿ, ಬಿಸಲಾಗ ಬಂದೀರಿ, ಕೈ ನಡಗ್ಲತ್ತದ. ಇಲ್ಲಿ ಆರಾಮ ಕುಂದುರ್ರಿ.”