ಗ್ರಹಣಕ್ಕೆ ಮೊದಲೇ ಗೊತ್ತಿದ್ದ ಮಾತು

ಉಯ್ಯಂಬಳ್ಳಿ ಕಡೆಯ ಹಳ್ಳಿಗಳಲ್ಲಿ ನರ್ಸಮ್ಮ ಮುನಿರತ್ನಮ್ಮನ ಬಾಯಿಗೆ ಹೆದರದ ಗಂಡಸಿರಲಿಲ್ಲ. ಬಸುರಿ ಹೆಂಡತಿಯ ತಲೆ ಮೇಲೆ ಸೊಪ್ಪಿನ ಹೊರೆ ಕಂಡರೆ ಸಾಕು, ನಡುಬೀದಿಯಲ್ಲೇ ಗಂಡನ ಮಾನ ಹರಾಜು ಹಾಕುವಳು. "ನಿಂಗೇನ್ಲಾ ಬಂದಿರೋದು ರೋಗ? ನೀನೇ ಹೊರ್ಲಾ!" ಅಂಥ ಬಾಯಿ ಒಂದೇ ಒಂದು ಮನೆಯ ಮುಂದೆ ಮಾತ್ರ ಕಡುಬು ತುರುಕಿಕೊಂಡಂತೆ ಸುಮ್ಮನಾಗುತ್ತಿತ್ತು. ಅದು ಗಂಗಲಕ್ಷ್ಮಿಯ ಮನೆ.

ಯಾಕೆ ಅಂತ ಊರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಬ್ಬರಿಗೇ, ಮುನಿರತ್ನಮ್ಮನಿಗೆ ಮತ್ತು ಗಂಗಲಕ್ಷ್ಮಿಯ ಅತ್ತೆ ಸಿದ್ದಮ್ಮನಿಗೆ.

2019ರ ದೀಪಾವಳಿ ಕಳೆದ ಮೇಲೆ, ಗಂಗಲಕ್ಷ್ಮಿ ಚೊಚ್ಚಲ ಬಸುರಿ ಆಗಿದ್ದಾಗ, ಡಾಕ್ಟರು ಒಂದು ರಕ್ತಪರೀಕ್ಷೆ ಮಾಡಿಸಿದ್ದರು. ವರದಿ ಬಂದಾಗ ಮುನಿರತ್ನಮ್ಮನನ್ನು ಕರೆದು, "ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು ಅಂತ ತೋರಿಸ್ತಿದೆ. ಬುದ್ಧಿ, ಬೆಳವಣಿಗೆ ನಿಧಾನ ಆಗುತ್ತೆ. ಈಗ ಇರೋದು ಅನುಮಾನ ಅಷ್ಟೇ, ಬೆಂಗಳೂರಲ್ಲಿ ಇನ್ನೊಂದು ಪರೀಕ್ಷೆ ಮಾಡಿಸಿದ್ರೆ ಖಚಿತವಾಗುತ್ತೆ. ಆ ಹುಡುಗಿಗೆ ತಿಳಿಸಿ ಹೇಳಿ" ಎಂದಿದ್ದರು.

ಆ ಹುಡುಗಿಗೆ! ನಮ್ಮ ಕಡೆ ಬಸುರಿಯ ಕಿವಿಗೆ ಕೆಟ್ಟ ಮಾತು ಬೀಳಬಾರದು. ಸಾವಿನ ಸುದ್ದಿ ಕೂಡ ಅವಳ ಕಿವಿ ತಪ್ಪಿಸಿಕೊಂಡು ಹೋಗುತ್ತದೆ. ಅಷ್ಟು ವರ್ಷ ಸೂಜಿ ಹಿಡಿದಿದ್ದರೇನು, ಮುನಿರತ್ನಮ್ಮನೂ ಅದೇ ಮಣ್ಣಿನವಳು. ಮನೆಗೆ ಹೋದಳು. ಗಂಗಲಕ್ಷ್ಮಿ ಮಜ್ಜಿಗೆ ತಂದುಕೊಟ್ಟಳು. ಕುಡಿದು, ಲೋಟ ಕೊಟ್ಟು ಅವಳನ್ನು ಒಳಗೆ ಕಳಿಸಿ, ಅತ್ತೆಯನ್ನು ಹಿತ್ತಲಿಗೆ ಕರೆದು ಹೇಳಿದಳು.

ಸಿದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಈಗ್ಲೇ ಬ್ಯಾಡ ನರ್ಸಮ್ಮ. ಐದು ತುಂಬ್ಲಿ, ಬಳೆ ತೊಡಿಸ್‌ಬುಟ್ಟು ಆಮೇಕೆ ಹೇಳಾನ. ಮೊದ್ಲೇ ಅಳುಬುರುಕಿ ಅದು."

"ಆಗ್ಲಿ ಕಣಕ್ಕ," ಅಂದುಬಿಟ್ಟಳು ಮುನಿರತ್ನಮ್ಮ. ಬಳೆ ತೊಡಿಸುವ ದಿನ ತಾನೂ ಹೋಗಿ, ಹುಡುಗಿಯ ಕೈಗೆ ಹಸಿರು ಬಳೆ ಏರಿಸಿ, ಹೋಳಿಗೆ ಉಂಡು, "ಮುತ್ತಿನಂಥ ಕೂಸಾಗ್ಲಿ" ಅಂತ ಹರಸಿ ಬಂದಳು. ಆಮೇಲೆ ಹೇಳುವುದು ಇವತ್ತು ನಾಳೆ ಎಂದು ಜಾರಿಕೊಂಡೇ ಹೋಯಿತು. ಬೆಂಗಳೂರಿನ ಪರೀಕ್ಷೆಯ ಹೊತ್ತೂ ಮೀರಿತು.

ಡಿಸೆಂಬರಿನಲ್ಲಿ ಸೂರ್ಯಗ್ರಹಣ ಬಂತು. ಮನೆಯಲ್ಲಿ ರೇಷ್ಮೆ ಹುಳ ಕೊನೆಯ ಪೊರೆ ಕಳಚಿ ಜ್ವರದಿಂದೆದ್ದು ಸೊಪ್ಪಿಗೆ ಬಾಯಿ ಬಿಡುತ್ತಿದ್ದ ಹೊತ್ತು. ಹುಳಕ್ಕೆ ಗ್ರಹಣ ಗೊತ್ತೇ? ಗಂಡ ಬೈರಪ್ಪ ಊರಲ್ಲಿರಲಿಲ್ಲ. ಗಂಗಲಕ್ಷ್ಮಿಯೇ ಕುಡುಗೋಲು ಹಿಡಿದು ಹೋಗಿ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದಳು. ಮುಂದೆ ಕೂಸು ಹುಟ್ಟಿ, ಡಾಕ್ಟರು ಡೌನ್ ಸಿಂಡ್ರೋಮ್ ಎಂದಾಗ ಮೊದಲು ಬಾಯಿ ತೆಗೆದವಳು ಸಿದ್ದಮ್ಮನೇ: "ಗ್ರಾಣದಲ್ಲಿ ಕುಡ್ಲು ಹಿಡಿದಿದ್ಲಲ್ಲ, ಇನ್ನೇನಾದಾತು?"

ಊರು ಹೌದೆಂದಿತು. ಗಂಗಲಕ್ಷ್ಮಿಯೂ ಹೌದೆಂದು ನಂಬಿದಳು. ಅವತ್ತಿನಿಂದ ಕುಡುಗೋಲು ಮುಟ್ಟಲಿಲ್ಲ, ಹುಳದ ಮನೆಗೆ ಕಾಲಿಡಲಿಲ್ಲ. ಮಗಳು ಪುಟ್ಟಮಣಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, "ತಪ್ಪಾಯ್ತು ಕಣವ್ವ, ನಾನು ಪಾಪಿ" ಅನ್ನುವಳು. ಅದನ್ನು ಕಣ್ಣಾರೆ ಕಂಡೂ ಮುನಿರತ್ನಮ್ಮ ಕೂಸಿಗೆ ಚುಚ್ಚುಮದ್ದು ಹಾಕಿ, ಮಜ್ಜಿಗೆ ಕುಡಿದು, ಎದ್ದು ಬರುವಳು. ಥೂ, ಅದೂ ಒಂದು ಬಾಯೇ!

ನಾಲ್ಕು ವರ್ಷ ಹೀಗೇ ಕಳೆಯಿತು. ಗಂಗಲಕ್ಷ್ಮಿ ಮತ್ತೆ ಬಸುರಿಯಾದಳು. ರಕ್ತಪರೀಕ್ಷೆಯ ಮಾತೆತ್ತಿದರೆ, "ರಕ್ತ ಯಾಕೆ ನರ್ಸಮ್ಮ? ಈ ಸಲ ಗ್ರಾಣ ಬಂದ್ರೆ ಬಾಗ್ಲು ಹಾಕ್ಕೊಂಡು ಕತ್ತಲೇಲಿ ಕೂತಿರ್ತೀನಿ, ಬುಡಿ" ಅಂದಳು. ಮುನಿರತ್ನಮ್ಮ ಅದನ್ನೇ ಯೋಚಿಸುತ್ತ ಹೊರಬಂದಳು. ನಿಜ ಹೇಳಿದರೆ ಆ ಮನೆಯ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ಈ ಹುಡುಗಿ ಎರಡನೇ ಸಲವೂ ಏನೂ ತಿಳಿಯದೆ ಹೆರುತ್ತಾಳೆ.

ಆ ವಾರವೇ ರಾಮನಗರದಲ್ಲಿ ನರ್ಸುಗಳಿಗೆ ತರಬೇತಿ. ಹೊಟ್ಟೆಯಲ್ಲಿರುವ ಮಗುವಿನ ಪರೀಕ್ಷೆಗಳ ಬಗ್ಗೆ ತಂದೆತಾಯಿಗೆ ಹೇಗೆ ತಿಳಿಸಬೇಕು ಅನ್ನುವುದೇ ಪಾಠ. "ನಾನು ಹೆರಿಗೆ ಮಾಡ್ಸಿದ ಕೂಸುಗಳೇ ಈಗ ಹೆರ್ತಾವೆ, ನಂಗೆ ಮಾತು ಕಲಿಸ್ತಾರಂತೆ" ಎಂದು ಗೊಣಗಿಕೊಂಡೇ ಹೋದಳು.

ಪಾಠ ಹೇಳುವ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಾಟಕ ಆಡಿಸಿದರು. ಚನ್ನಪಟ್ಟಣದ ನರ್ಸು ಹನುಮಂತಮ್ಮ ಬಸುರಿ, ಮಾಗಡಿ ಕಡೆಯವಳೊಬ್ಬಳು ಅತ್ತೆ, ಮುನಿರತ್ನಮ್ಮ ನರ್ಸು. ಹನುಮಂತಮ್ಮ ಹೊಟ್ಟೆಗೆ ಬ್ಯಾಗು ಕಟ್ಟಿಕೊಂಡು "ಅಯ್ಯಪ್ಪಾ" ಎಂದು ಕೂತಾಗ ಎಲ್ಲರೂ ನಕ್ಕರು. ಮುನಿರತ್ನಮ್ಮ ಕುರ್ಚಿ ಎಳೆದುಕೊಂಡು ಶುರುಮಾಡಿದಳು. ನಾಲ್ಕು ಮಾತೂ ಆಗಿರಲಿಲ್ಲ, ಡಾಕ್ಟರಮ್ಮ ತಡೆದರು.

"ಸಿಸ್ಟರ್, ಯಾರನ್ನ ನೋಡ್ಕೊಂಡು ಮಾತಾಡ್ತಿದ್ದೀರಿ?"

ಅತ್ತೆಯನ್ನು. ಕುರ್ಚಿಯೂ ಅತ್ತೆಯ ಕಡೆಗೇ ತಿರುಗಿತ್ತು.

"ಹೊಟ್ಟೆ ಯಾರದು?" ಡಾಕ್ಟರಮ್ಮನ ದನಿಯಲ್ಲಿ ಸಿಟ್ಟೇನಿರಲಿಲ್ಲ. "ಮೊದಲು ಅವಳಿಗೆ ಹೇಳಿ. ಏನು ಮಾಡ್ಬೇಕು ಅಂತ ನೀವು ತೀರ್ಮಾನ ಕೊಡ್ಬೇಡಿ, ಇರೋದನ್ನ ಇದ್ದ ಹಾಗೆ ಹೇಳಿ. ಅತ್ತರೆ ಅಳೋಕೆ ಬಿಡಿ. ನೀವು ಬಚ್ಚಿಟ್ರೆ, ನಾಳೆ ಊರವರು ಏನೋ ಒಂದು ತಪ್ಪು ಹುಡುಕಿ ಅವಳ ತಲೆಗೆ ಕಟ್ತಾರೆ."

ಮುನಿರತ್ನಮ್ಮ ಕುರ್ಚಿಯನ್ನು ಹನುಮಂತಮ್ಮನ ಕಡೆ ತಿರುಗಿಸಿಕೊಂಡಳು. ಮಧ್ಯಾಹ್ನ ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದಳು. ಹನುಮಂತಮ್ಮ ಪಕ್ಕಕ್ಕೆ ಬಂದು, "ಯಾಕಕ್ಕ, ಆ ಡಾಕ್ಟ್ರು ಹುಡ್ಗಿ ಅಂದಿದ್ದು ಮನಸ್ಸಿಗೆ ತಕ್ಕೊಂಡ್ರಾ?" ಎಂದಳು.

"ಯಾರಾದ್ರೂ ನಾಲ್ಕು ವರ್ಸದ ಹಿಂದೇನೇ ಅನ್ಬೇಕಾಗಿತ್ತು ಕಣವ್ವ," ಎಂದು ಮುನಿರತ್ನಮ್ಮ ತಟ್ಟೆ ಬಿಟ್ಟು ಎದ್ದಳು.

ಮಾರನೆಯ ದಿನ ಹೋದಾಗ ಸಿದ್ದಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ಮುನಿರತ್ನಮ್ಮ ಅವಳಿಗೆ ಬೆನ್ನು ಹಾಕಿ, ಪುಟ್ಟಮಣಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ ಗಂಗಲಕ್ಷ್ಮಿಯ ಎದುರಿಗೆ ಕೂತಳು.

"ಗಂಗೂ, ಪುಟ್ಟಮಣಿ ಹಿಂಗಿರೋದು ಗ್ರಾಣದಿಂದಲ್ಲ ಕಣವ್ವ. ಗ್ರಾಣಕ್ಕೆ ಮುಂಚೇನೇ ರಕ್ತದಲ್ಲಿ ಅನುಮಾನ ತೋರಿಸಿತ್ತು. ಡಾಕ್ಟ್ರು ನಿಂಗೆ ಹೇಳು ಅಂದಿದ್ರು, ನಾನು ಹೇಳ್ನಿಲ್ಲ. ಅದು ಯಾರ ತಪ್ಪಿನಿಂದ್ಲೂ ಬರೋದಲ್ಲ. ನಿಂದಂತೂ ಅಲ್ವೇ ಅಲ್ಲ."

ಜಗಲಿಯಲ್ಲಿ ಮೊರದ ಸದ್ದು ನಿಂತಿತು. ಗಂಗಲಕ್ಷ್ಮಿ ಆ ಕಡೆ ನೋಡಿದಳು. "ಅತ್ತೆಗೆ ಗೊತ್ತಿತ್ತಾ?"

"ನಾನೇ ಹೇಳಿದ್ದೆ."

ಅಳುತ್ತಾಳೆ ಅಂದುಕೊಂಡಿದ್ದಳು ಮುನಿರತ್ನಮ್ಮ. ಅಳಲಿಲ್ಲ.

"ಗೊತ್ತಿದ್ದೇ ನನ್ ಕೈಗೆ ಬಳೆ ಹಾಕಿದ್ರಾ?"

"ಹೂಂ."

"ಇವಳು ಬೇಡ ಅಂತಿದ್ನೋ ಬೇಕು ಅಂತಿದ್ನೋ, ಈಗ್ಯಾಕೆ ಆ ಮಾತು? ನನ್ ಕೂಸು ಇವಳು. ಆದ್ರೆ ಕೇಳ್ಬೇಕಾಗಿದ್ದು ನನ್ನ. ನಾಲ್ಕು ವರ್ಸ ನಾನು ಇವಳ ಕಾಲು ಹಿಡಿದು ತಪ್ಪಾಯ್ತು ಅಂತಿದ್ರೆ, ನೀವು ಇಲ್ಲೇ ಕೂತ್ಕೊಂಡು ಮಜ್ಜಿಗೆ ಕುಡಿತಿದ್ರಲ್ಲ ನರ್ಸಮ್ಮ!"

ಮುನಿರತ್ನಮ್ಮ ತಲೆ ಎತ್ತಲಿಲ್ಲ. "ಬಯ್ಯಿ ಕಣವ್ವ. ಇನ್ನೂ ಬಯ್ಯಿ."

"ಬಯ್ದು ಏನು ಬಂತು? ಪರೀಕ್ಸೆಗೆ ಬತ್ತೀನಿ, ರಕ್ತ ಕೊಡ್ತೀನಿ. ಆದ್ರೆ ರಿಪೋರ್ಟು ನಿಮ್ ಕೈಗೆ ಬರಬಾರ್ದು. ನನ್ ಕೈಗೇ ಕೊಡ್ಲಿ."

ಅಷ್ಟು ಹೇಳಿ ಎದ್ದು, ಅತ್ತೆಯನ್ನು ದಾಟಿ ಹೋಗಿ, ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ಎಳೆದುಕೊಂಡು ಹಿಪ್ಪುನೇರಳೆ ತೋಟದ ಕಡೆ ನಡೆದಳು. ಪುಟ್ಟಮಣಿ ಅವಳ ಸೆರಗು ಹಿಡಿದು ಹಿಂದೆಯೇ ಹೊರಟಿತು. ಹೊರೆ ಹೊರಬ್ಯಾಡ ಕಣವ್ವ, ಬಸುರಿ ನೀನು ಅನ್ನಲು ಮುನಿರತ್ನಮ್ಮ ಬಾಯಿ ತೆಗೆದಳು. ಅವಳಿಗೆ ಹಾಗೆ ಹೇಳುವ ಮುಖ ತನಗಿಲ್ಲ ಅನ್ನಿಸಿ, ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡಳು.