ಗಾಜಿನೊಳಗಿನ ಧಾರೆ ಸೀರೆ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಇಪ್ಪತ್ತೆಂಟು ವರ್ಷ ಮುಂಬೈ ಹೊರವಲಯದ ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಆಫೀಸಿಗೆ ಹೋಗಿಬಂದವಳು ನಾನು. ಲೇಡೀಸ್ ಡಬ್ಬಿಯಲ್ಲಿ ಕಾಲೂರಲು ಜಾಗವಿಲ್ಲದಾಗಲೂ ಯಾರಾದರೊಬ್ಬಳು ಸತ್ತ ಅಜ್ಜಿ ಬಾಗಿಲು ತಟ್ಟಿದ್ದನ್ನು ಹೇಳುತ್ತಲೇ ಇರುತ್ತಿದ್ದಳು. ನಾನು ಮುಖ ತಿರುಗಿಸಿ ನಿಲ್ಲುತ್ತಿದ್ದೆ. ಈಗ ನನ್ನ ಸರದಿ. ನೀವು ಮುಖ ತಿರುಗಿಸಿದರೆ ನಾನು ಬೇಸರಪಡುವ ಹಾಗಿಲ್ಲ.

ಇದು ನನಗೂ ನನ್ನ ನಾದಿನಿ ಶಾಲಿನಿಗೂ ಸಂಬಂಧಪಟ್ಟದ್ದು. ಅವಳನ್ನು ಕಂಡರೆ ನನಗಾಗುವುದಿಲ್ಲ, ನನ್ನನ್ನು ಕಂಡರೆ ಅವಳಿಗಾಗುವುದಿಲ್ಲ. ಕಾರಣ ನನ್ನ ಅತ್ತೆಯ ಧಾರೆ ಸೀರೆ. ಕುಂಕುಮ ಬಣ್ಣದ ಒಡಲು, ಕಡುಹಸಿರು ಅಂಚು. ಮುತ್ತೈದೆಯಾಗಿ ಹೋದರೆ ತನ್ನನ್ನು ಆ ಸೀರೆಯಲ್ಲೇ ಕಳಿಸಬೇಕೆಂದು ಅತ್ತೆ ನನ್ನಿಂದ ಮಾತು ತೆಗೆದುಕೊಂಡಿದ್ದರು. ಮಾವ ಇರುವಾಗಲೇ ಅವರು ತೀರಿಕೊಂಡರು. ಕೊನೆಯ ಸ್ನಾನವಾದ ಮೇಲೆ ನಾನೇ ಕೈಯಾರೆ ಆ ಸೀರೆ ಉಡಿಸಿದೆ. ನನ್ನ ಗಂಡ ಚಿತೆಗೆ ಬೆಂಕಿ ಕೊಟ್ಟರು. ಸೆರಗು ಹೊತ್ತಿಕೊಂಡದ್ದನ್ನು ಕಣ್ಣಾರೆ ಕಂಡರು.

ಶಾಲಿನಿ ಆಗ ಗಂಡನ ಕಡೆಯ ಮದುವೆಗೆಂದು ಉಡುಪಿಗೆ ಹೋಗಿದ್ದಳು. ಮರುದಿನ, ಠಾಣೆ ಊರಿನ ಕೋಪರಿಯಲ್ಲಿದ್ದ ತನ್ನ ಮನೆಗೂ ಹೋಗದೆ ನೇರ ನಮ್ಮಲ್ಲಿಗೆ ಬಂದಳು. ಅತ್ತು ಮುಗಿಸಿ ಮೊದಲು ಕೇಳಿದ್ದು ಆ ಸೀರೆಯನ್ನೇ.

"ಅಂಥ ಸೀರೆ ಸುಡ್ಲಿಕ್ಕೆ ಯಾರಿಗೆ ಮನಸ್ಸು ಬರ್ತದೆ ಅತ್ತಿಗೆ? ಅಮ್ಮನದ್ದು ಅಂತ ನಂಗೆ ಅದೊಂದೇ ಬೇಕಿತ್ತು," ಎಂದಳು.

ಅಣ್ಣ ದೇವರ ಮೇಲೆ ಆಣೆಯಿಟ್ಟು ಹೇಳಿದರೂ ನಂಬಲಿಲ್ಲ. ಅಲ್ಲಿಂದ ಒಂಬತ್ತು ವರ್ಷ, ನೆಂಟರ ಮದುವೆ ಮುಂಜಿಗಳಲ್ಲೆಲ್ಲ ನಾನು ಸತ್ತವರ ಮೈಮೇಲಿನ ಸೀರೆ ಬಿಚ್ಚಿಕೊಂಡವಳು. ಯಾರೂ ಎದುರಿಗೆ ಹೇಳುತ್ತಿರಲಿಲ್ಲ. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ಅದನ್ನು ಅನುಭವಿಸಿದವರಿಗೆ ಮಾತ್ರ ಗೊತ್ತು.

ಮೊದಲಿನಿಂದ ನಾವು ಹೀಗಿರಲಿಲ್ಲ. ನಾನು ಮದುವೆಯಾಗಿ ಬಂದಾಗ ಅವಳಿನ್ನೂ ಕಾಲೇಜಿನಲ್ಲಿದ್ದಳು. ಒಂದು ವರ್ಷ ಕಾಲೇಜಿನ ಸಾರಿ ಡೇಗೆಂದು ಅಮ್ಮನ ಕಪಾಟಿನಿಂದ ಅದೇ ಧಾರೆ ಸೀರೆಯನ್ನು ಕದ್ದುಟ್ಟುಕೊಂಡು ಹೋದಳು. ಠಾಣೆ ಸ್ಟೇಷನ್ನಿನಲ್ಲಿ ಲೋಕಲ್‌ನಿಂದ ಇಳಿಯುವ ನೂಕುನುಗ್ಗಲಿನಲ್ಲಿ ಸೆರಗು ಯಾರದೋ ಬ್ಯಾಗಿನ ಕೊಂಡಿಗೆ ಸಿಕ್ಕಿ ಹರಿಯಿತು. ಮನೆಗೆ ಬಂದವಳು ನನ್ನ ಕಾಲು ಹಿಡಿಯುವುದೊಂದು ಬಾಕಿ. ಅತ್ತೆ ಭಜನೆಗೆ ಹೋಗಿದ್ದ ಮಧ್ಯಾಹ್ನ ನಾನು ಕೂತು ಹೊಲಿದೆ. ಅಂಚಿಗೆ ಹೊಂದುವ ಕಡುಹಸಿರು ನೂಲು ಅಂಗಡಿಯಲ್ಲಿ ಮುಗಿದಿತ್ತು. ಗಿಳಿಹಸಿರು ತಂದು ಸುಧಾರಿಸಿದೆ. ಕೊನೆಗೆ ಗಂಟು ಹಾಕುವ ಬದಲು ಮೂರು ಅಡ್ಡ ಹೊಲಿಗೆ ಹಾಕುವುದು ನಮ್ಮಮ್ಮ ಕಲಿಸಿದ ಅಭ್ಯಾಸ. ಅತ್ತೆಗೆ ಸಾಯುವವರೆಗೂ ಗೊತ್ತಾಗಲಿಲ್ಲ. ಆ ಹೊಲಿಗೆಯ ವಿಷಯ ನಮ್ಮಿಬ್ಬರಿಗೆ ಬಿಟ್ಟು ಮೂರನೆಯವರಿಗೆ ತಿಳಿದಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಶಾಲಿನಿಯ ಮಗಳು ತನ್ವಿ ಫೋನ್ ಮಾಡಿದಳು. ಫ್ಯಾಷನ್ ಡಿಸೈನ್ ಓದುತ್ತಿದ್ದ ಹುಡುಗಿ. ನವಿ ಮುಂಬೈಯ ಒಂದು ಮ್ಯೂಸಿಯಮ್ಮಿನಲ್ಲಿ ನೂರು ವರ್ಷದ ಉಡುಗೆ ತೊಡುಗೆಯ ಪ್ರದರ್ಶನವಿತ್ತು. ಬಂದವರಿಗೆ ವಿವರಿಸುವ ಕೆಲಸ ಅವಳದು. "ಮಾಮಿ, ಆಪ್ ದೋನೋ ಆನಾ, ಪ್ಲೀಸ್. ಏಕ್ ದಿನ್ ಝಗಡಾ ಮತ್ ಕರೋ," ಎಂದಳು. ಒಂದು ದಿನ ಜಗಳ ಬಿಟ್ಟು ಇಬ್ಬರೂ ಬರಬೇಕೆಂದು ಗೋಗರೆದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿಯೇ. ಆ ಮಗುವಿನ ಮುಖ ನೋಡಿ ಒಪ್ಪಿದೆ. ಭಾನುವಾರ ಬೆಳಿಗ್ಗೆ ಠಾಣೆಯಲ್ಲಿ ನಾದಿನಿ ಅತ್ತಿಗೆಯರು ಕೂಡಿಕೊಂಡು ವಾಶಿ ಲೋಕಲ್ ಹತ್ತಿದೆವು. ಎದುರುಬದುರು ಕೂತು ಇಬ್ಬರೂ ಮೊಬೈಲ್ ನೋಡಿದೆವು.

ಪ್ರದರ್ಶನ ಚೆನ್ನಾಗಿಯೇ ಇತ್ತು. ಪಾರ್ಸಿ ಸೀರೆಗಳು, ಗಿರಣಿ ಸೀರೆಗಳು, ಹಳೇ ಕಾಲದ ಪಫ್ ತೋಳಿನ ರವಿಕೆಗಳು. ತನ್ವಿ ಹುರುಪಿನಿಂದ ಹೇಳುತ್ತಿದ್ದಳು, ನಾವು ಅವಳ ಎಡಕ್ಕೊಬ್ಬಳು ಬಲಕ್ಕೊಬ್ಬಳು ನಡೆಯುತ್ತಿದ್ದೆವು. ಮೂರನೆಯ ಕೋಣೆಯಲ್ಲಿ ಮದುವೆ ಸೀರೆಗಳು. ಮೂಲೆಯ ಗಾಜಿನ ಪೆಟ್ಟಿಗೆಯ ಮುಂದೆ ಶಾಲಿನಿ ನಿಂತುಬಿಟ್ಟಳು.

ಕುಂಕುಮ ಬಣ್ಣದ ಒಡಲು, ಕಡುಹಸಿರು ಅಂಚು. ಅಂಥ ಸೀರೆ ಊರಲ್ಲಿ ಮನೆಗೊಂದು ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಶಾಲಿನಿ ಬಗ್ಗಿದಳು. ಸೆರಗನ್ನು ಹರಡಿಟ್ಟಿದ್ದರು. ಅದರ ಮೂಲೆಯಲ್ಲಿ, ಹಸಿರು ಅಂಚಿನ ಮೇಲೆ, ಬೆರಳುದ್ದದ ಗಿಳಿಹಸಿರು ಹೊಲಿಗೆ. ಕೊನೆಯಲ್ಲಿ ಮೂರು ಅಡ್ಡ ಹೊಲಿಗೆ.

ನನ್ನ ಕೈಬರಹ ನನಗೆ ಗೊತ್ತಾಗದೆ ಇರಬಹುದು, ನನ್ನ ಹೊಲಿಗೆ ಗೊತ್ತಾಗುತ್ತದೆ. ಅದು ಬೂದಿಯಾದ ಸೀರೆ.

ಅಷ್ಟು ವರ್ಷ ಜಗಳವಾಡಿದರೂ ಬಹುವಚನ ಬಿಡದಿದ್ದ ಶಾಲಿನಿ ಅವತ್ತು ಬಿಟ್ಟಳು.

"ಯಾರಿಗೆ ಮಾರಿದ್ದು ನೀನು? ಈಗಲಾದ್ರೂ ಬಾಯಿ ಬಿಡು. ಅಮ್ಮನ್ನ ಎಂತ ಉಡಿಸಿ ಕಳಿಸಿದ್ದು?"

ಸುತ್ತಲಿನ ಜನ ತಿರುಗಿ ನೋಡಿದರು. "ನಾನು ಉಡಿಸಿದ್ದು ಇದನ್ನೇ ಮಾರಾಯ್ತಿ," ಎಂದೆ. ಹೇಳುವಾಗಲೇ ಆ ಮಾತು ನನ್ನ ಕಿವಿಗೇ ಸುಳ್ಳಿನಂತೆ ಕೇಳಿಸಿತು.

ತನ್ವಿ ಗಾಬರಿಯಾಗಿ ಅಲ್ಲಿಯ ಮೇಲ್ವಿಚಾರಕಿಯನ್ನು ಕರೆತಂದಳು. ಶಾಂತ ಸ್ವಭಾವದ ಮರಾಠಿ ಹೆಂಗಸು. ನಮ್ಮನ್ನು ಒಳಗಿನ ಆಫೀಸಿಗೆ ಕರೆದೊಯ್ದು, ನೀರು ಕೊಟ್ಟು, ಹಳೆಯದೊಂದು ರಿಜಿಸ್ಟರ್ ತೆಗೆದರು. ಸೀರೆಯ ನಂಬರ್ ಹುಡುಕಿ ಆ ಪುಟವನ್ನು ತನ್ವಿಯ ಕಡೆ ತಿರುಗಿಸಿದರು. ತನ್ವಿ ಓದಿದಳು. ಸೀರೆ ಮ್ಯೂಸಿಯಮ್ಮಿಗೆ ಬಂದ ವರ್ಷ ನನ್ನ ಮದುವೆಗಿಂತ ಏಳು ವರ್ಷ ಹಿಂದಿನದು. ಕೊಟ್ಟವರ ಹೆಸರಿನ ಜಾಗ ಖಾಲಿ. ಅದರ ಕೆಳಗೆ, ಮಾಸಿದ ಅದೇ ನೀಲಿ ಶಾಯಿಯಲ್ಲಿ, ಸೆರಗಿನ ಮೂಲೆ ಹರಿದಿದೆ, ತಿಳಿಹಸಿರು ನೂಲಿನಲ್ಲಿ ಕೈಹೊಲಿಗೆ ಹಾಕಲಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಆ ಸಾಲು ಬರೆದಾಗ ನಾನಿನ್ನೂ ಊರಲ್ಲಿ ಲಂಗ ದಾವಣಿಯ ಹುಡುಗಿ. ಡೊಂಬಿವಲಿಯ ಹೆಸರನ್ನೂ ಕೇಳಿರಲಿಲ್ಲ. ಶಾಲಿನಿ ಪ್ರೈಮರಿ ಶಾಲೆಯಲ್ಲಿದ್ದಳು.

ನನ್ನನ್ನು ಕಳ್ಳತನದ ಅಪವಾದದಿಂದ ಬಿಡಿಸುವ ಕಾಗದ ಅಷ್ಟು ವರ್ಷದ ಮೇಲೆ ಕೊನೆಗೂ ಕಣ್ಣೆದುರು ಬಂದಿತ್ತು. ಖುಷಿಯಾಗಬೇಕಿತ್ತು. ಆಗಲಿಲ್ಲ, ಹೆದರಿಕೆಯಾಯಿತು. ಶಾಲಿನಿಯ ಕೈ ಹಿಡಿದೆ. "ನೀನೇ ಹೇಳು, ಅದನ್ನು ನಾನು ಹೊಲಿದದ್ದು ಹೌದೋ ಅಲ್ವೋ? ನೀನು ಪಕ್ಕದಲ್ಲೇ ಕೂತಿದ್ದೆ," ಎಂದು ಕೇಳಿದೆ. ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಕ್ಷಮೆಯಲ್ಲ. ಆ ಮಧ್ಯಾಹ್ನ ನಿಜವಾಗಿ ನಡೆದಿತ್ತು ಎಂದು ಇನ್ನೊಬ್ಬರು ಹೇಳಬೇಕಿತ್ತು. ಹೇಳಬಲ್ಲವಳು ಲೋಕದಲ್ಲಿ ಅವಳೊಬ್ಬಳೇ.

ಅವಳ ಮುಖವೂ ಬಿಳಿಚಿಕೊಂಡಿತ್ತು. ರಿಜಿಸ್ಟರನ್ನು ನೋಡಿದಳು, ನನ್ನನ್ನು ನೋಡಿದಳು, ಮೆಲ್ಲಗೆ ಕೈ ಬಿಡಿಸಿಕೊಂಡಳು.

"ರಿಜಿಸ್ಟರಲ್ಲಿ ಎಂತ ಬೇಕಾದ್ರೂ ಬರೀಬಹುದು," ಎಂದಳು. "ನೀನು ಕದ್ದದ್ದೇ."

ವಾಪಸು ಬರುವಾಗ ಅವಳು ಡಬ್ಬಿಯ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಠಾಣೆ ಬಂದಾಗ ತಿರುಗಿಯೂ ನೋಡದೆ ಕೋಪರಿಯ ಕಡೆ ಇಳಿದುಹೋದಳು. ಆಮೇಲೆ ನಾವು ಮಾತಾಡಿಲ್ಲ. ನನ್ನ ಗಂಡ ಎಲ್ಲ ಕೇಳಿ, ಹಳೇ ರಿಜಿಸ್ಟರಿನಲ್ಲಿ ನಂಬರು ಅದಲುಬದಲಾಗಿರುತ್ತದೆ, ಬಿಟ್ಟುಬಿಡು ಎಂದರು. ಸರಿ, ನಂಬರು ಅದಲುಬದಲಾಯಿತು. ನೀವು ಸುಟ್ಟದ್ದೇನು ಎಂದು ಕೇಳಿದೆ. ಅವರು ಪೇಪರ್ ಮಡಚಿ ಎದ್ದುಹೋದರು.

ಆ ಮಧ್ಯಾಹ್ನ ಸೆರಗು ಹೊಲಿದು ಉಳಿದ ಗಿಳಿಹಸಿರು ನೂಲಿನ ರೀಲು ನನ್ನ ಹೊಲಿಗೆಯ ಬಿಸ್ಕೆಟ್ ಡಬ್ಬಿಯಲ್ಲಿ ಇನ್ನೂ ಇದೆ. ಆಗಾಗ ತೆಗೆದು ನೋಡುತ್ತೇನೆ. ಶಾಲಿನಿಗಾದರೂ ಒಂದು ಉತ್ತರವಿದೆ, ಅದನ್ನಿಟ್ಟುಕೊಂಡು ಅವಳು ನಿದ್ದೆ ಮಾಡುತ್ತಾಳೆ. ನನಗೆ ಅಷ್ಟೂ ಇಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಕೆಲವು ದಿನ ನಾನು ಆ ಸೀರೆಯನ್ನು ನಿಜವಾಗಿ ಕದ್ದಿದ್ದರೇ ಚೆನ್ನಾಗಿತ್ತು ಎಂದು ಅನಿಸುತ್ತದೆ.